ಎಂಜಿಬಿ 1970 ರೋಡ್‌ಸ್ಟರ್: ಸಿಲ್ ಎಲ್ಲಾ ತುಕ್ಕು, ಮನೇಲೇ ಮಾಡ್ಬಹುದಾ? ಎಲ್ಲಿಂದ ಶುರು?

ಸ್ವಿಂಡನ್ ಕನ್ನಡಿಗ:

ಎಲ್ರಿಗೂ ನಮಸ್ಕಾರ. ಯುಕೆಲಿ ಹಳೇ ಗಾಡಿ ಕೆಲಸ ಮಾಡಿರೋರು ಯಾರಾದ್ರೂ ಇದ್ರೆ ದಯವಿಟ್ಟು ಓದಿ, ಸ್ವಲ್ಪ ಉದ್ದ ಇದೆ.

ನಾನಿರೋದು ಸ್ವಿಂಡನ್‌ನಲ್ಲಿ. ಎಂಜಿ ಫ್ಯಾಕ್ಟ್ರಿ ಇದ್ದ ಆಬಿಂಗ್ಡನ್ ಇಲ್ಲಿಂದ ದೂರ ಏನಿಲ್ಲ, ಹಾಗಾಗಿ ಈ ಕಡೆ ಹಳೇ ಎಂಜಿ ಇನ್ನೂ ಸುಮಾರು ಕಾಣುತ್ತೆ. ನಮ್ಮ ರಸ್ತೆಲೇ ಒಬ್ರು ವಯಸ್ಸಾದವ್ರ ಗ್ಯಾರೇಜಲ್ಲಿ ತೊಂಬತ್ತರ ದಶಕದಿಂದ ನಿಂತಿದ್ದ 1970ರ ಎಂಜಿಬಿ ರೋಡ್‌ಸ್ಟರ್ (ಗಟ್ಟಿ ಸೂರಿಲ್ಲದ ಸ್ಪೋರ್ಟ್ಸ್ ಕಾರು) ಇತ್ತು, ಅವ್ರು ಮನೆ ಖಾಲಿ ಮಾಡೋವಾಗ ನಾನು ತಗೊಂಡೆ. ಕ್ರೋಮ್ ಬಂಪರ್ ಗಾಡಿ, ವೈರ್ ವೀಲ್, ಎರಡು ಎಸ್‌ಯು ಕಾರ್ಬುರೇಟರ್, ಓವರ್‌ಡ್ರೈವ್ ಕೂಡ ಇದೆ. ದೂರದಿಂದ ನೋಡಿದ್ರೆ ಚೆನ್ನಾಗೇ ಕಾಣುತ್ತೆ.

ಹತ್ರದಿಂದ ಬೇರೆ ಕಥೆ. ಕಾರ್ಪೆಟ್ ಎತ್ತಿದ್ರೆ ಫ್ಲೋರ್ ಅಂಚಲ್ಲಿ ಬೆಳಕು ಕಾಣುತ್ತೆ. ಬಾಗಿಲ ಕೆಳಗಿನ ಸಿಲ್‌ಗೆ ಫ್ರಿಜ್ ಮ್ಯಾಗ್ನೆಟ್ ಇಟ್ಟೆ, ಮಧ್ಯದಲ್ಲಿ ಹಿಡಿಯುತ್ತೆ, ಎರಡೂ ತುದಿಲಿ ಜಾರಿ ಬೀಳುತ್ತೆ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದ್ರೆ ಠಣ್ ಅನ್ನಲ್ಲ, ದಬ್ ಅನ್ನುತ್ತೆ, ಪೇಂಟ್ ಕೆರೆದ್ರೆ ಬೆರಳು ದಪ್ಪ ಫಿಲ್ಲರ್, ಅದರ ಹಿಂದೆ ಫೈಬರ್ ಮ್ಯಾಟ್. ಇನ್ನೊಂದು, ಡ್ರೈವರ್ ಬಾಗಿಲ ಹಿಂದಿನ ಗ್ಯಾಪ್ ಮೇಲ್ಗಡೆ ಕಿರಿದು, ಕೆಳಗಡೆ ಅಗಲ ಇದೆ.

ನನ್ನತ್ರ ಇರೋದು ಒಂದು ಸಿಂಗಲ್ ಗ್ಯಾರೇಜ್, ಒಳ್ಳೆ ಟೂಲ್ಸ್, ವೀಕೆಂಡ್. ಸಾಮಾನ್ಯ ಮೆಕ್ಯಾನಿಕಲ್ ಕೆಲಸ ಎಲ್ಲಾ ಮಾಡ್ಕೋತೀನಿ, ವೆಲ್ಡಿಂಗ್ ಮಾತ್ರ ಮಾಡಿಲ್ಲ, ಈವ್ನಿಂಗ್ ಕ್ಲಾಸಿಗೆ ಸೇರೋ ಯೋಚನೆ ಇದೆ. ಪ್ರಶ್ನೆ ಏನಂದ್ರೆ, ಮೊದ್ಲು ಇಂಜಿನ್ ಸ್ಟಾರ್ಟ್ ಮಾಡ್ಲಾ, ಇಲ್ಲ ಪೂರ್ತಿ ಬಿಚ್ಚಿ ಬಾಡಿಯಿಂದ ಶುರು ಮಾಡ್ಲಾ? ಸಿಲ್ ಮನೇಲಿ ಮಾಡೋ ಕೆಲಸನಾ? ಮತ್ತೆ 1970ರದ್ದು ಕಪ್ಪು ಒಳಗೆ ಕೂತಿರೋ ಗ್ರಿಲ್, ನನಗೆ 60ರ ದಶಕದ ಕ್ರೋಮ್ ಗ್ರಿಲ್ ಇಷ್ಟ, ಬದಲಾಯಿಸಿದ್ರೆ ತಪ್ಪಾ?

---

ಕವೆಂಟ್ರಿ ಗ್ಯಾರೇಜ್:

ಮೊದ್ಲು ಕಂಗ್ರಾಟ್ಸ್. ನಾನು ಒಂದು ಎಂಜಿಬಿ ಜಿಟಿ ಮನೇಲೇ ಪೂರ್ತಿ ಮಾಡಿದೀನಿ, ಈಗ ಫ್ರೆಂಡ್ ರೋಡ್‌ಸ್ಟರ್‌ಗೆ ಸಹಾಯ ಮಾಡ್ತಿದೀನಿ, ಹಾಗಾಗಿ ಬಾಡಿ ಬಗ್ಗೆ ಧೈರ್ಯವಾಗಿ ಹೇಳ್ತೀನಿ.

ನೀವು ಬರೆದಿದ್ರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸಿದ್ದು ತುಕ್ಕಲ್ಲ, ಆ ಬಾಗಿಲ ಗ್ಯಾಪ್. ಮೇಲೆ ಕಿರಿದು ಕೆಳಗೆ ಅಗಲ ಅಂದ್ರೆ ಗಾಡಿ ನಡುವಲ್ಲಿ ಕುಸೀತಿದೆ ಅಂತ ಅರ್ಥ. ಹಿಂದಿನ ಎಂಜಿಎಗೆ ಬೇರೆ ಚಾಸಿ ಇತ್ತು, 1962ರಲ್ಲಿ ಬಂದ ಎಂಜಿಬಿಗೆ ಚಾಸಿನೇ ಇಲ್ಲ, ಮೊನೊಕಾಕ್, ಬಾಡಿನೇ ಎಲ್ಲಾ ಭಾರ ಹೊರಬೇಕು. ಜಿಟಿಗೆ ತಲೆ ಮೇಲೆ ಸೂರು ಆದ್ರೂ ಇದೆ, ರೋಡ್‌ಸ್ಟರ್‌ಗೆ ಅದೂ ಇಲ್ಲ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಗಾಡಿನ ಹಿಡಿದಿಟ್ಟಿರೋದು ಟ್ರಾನ್ಸ್‌ಮಿಷನ್ ಟನೆಲ್ ಬಿಟ್ರೆ ಆ ಎರಡು ಸಿಲ್ ಅಷ್ಟೇ. ಹೊರಗಿನ ಸಿಲ್, ನಡುವೆ ನಿಂತಿರೋ ಶೀಟ್, ಒಳಗಿನ ಸಿಲ್, ಅಡಿಯಲ್ಲಿ ಕ್ಯಾಸಲ್ ರೇಲ್ ಅನ್ನೋ ಉದ್ದ ಪಟ್ಟಿ, ಇವೆಲ್ಲ ಸೇರಿ ಒಂದು ಪೆಟ್ಟಿಗೆ ಥರ ಆಗುತ್ತೆ, ಅದ್ರಲ್ಲಿ ಒಂದು ಹೋದ್ರೂ ಉಳಿದವು ನಿಲ್ಲಲ್ಲ.

ಹಾಗಾಗಿ ನನ್ನ ಉತ್ತರ: ಬಾಡಿ ಮೊದ್ಲು, ಆದ್ರೆ ಪೂರ್ತಿ ಬಿಚ್ಚಬೇಡಿ!! ಯೂಟ್ಯೂಬಲ್ಲಿ ಎಲ್ರೂ ಮೊದಲ ವಾರನೇ ಗಾಡಿನ ಬೋಲ್ಟ್ ಬೋಲ್ಟ್ ಆಗಿ ಬಿಚ್ಚಿ ಡಬ್ಬದಲ್ಲಿ ತುಂಬಿಡ್ತಾರೆ, ಆಮೇಲೆ ಅದೇ ಡಬ್ಬಗಳು ಇಬೇಯಲ್ಲಿ "ಅನ್‌ಫಿನಿಶ್ಡ್ ಪ್ರಾಜೆಕ್ಟ್" ಅಂತ ಬರುತ್ತೆ. ಬಾಗಿಲು ಗಾಡಿ ಮೇಲೇ ಇರ್ಬೇಕು, ಯಾಕಂದ್ರೆ ಸಿಲ್ ಸರಿ ಕೂತಿದ್ಯಾ ಅಂತ ಹೇಳೋ ಅಳತೆಗೋಲು ಆ ಬಾಗಿಲೇ.

ಸಿಲ್ ತುದಿಲಿ ಮ್ಯಾಗ್ನೆಟ್ ಹಿಡೀಲಿಲ್ಲ ಅಂದ್ರಲ್ಲ, ಅದಕ್ಕೆ ಕಾರಣ ಇದೆ. ಎಂಜಿಬಿಲಿ ಹೊರಗಿನ ಸಿಲ್ ನಮಗೆ ಕಾಣೋದಕ್ಕಿಂತ ತುಂಬಾ ಉದ್ದ, ಮುಂದೆ ಫ್ರಂಟ್ ವಿಂಗ್ (ಚಕ್ರದ ಮೇಲಿನ ಹೊರಗಿನ ಶೀಟ್) ಹಿಂಭಾಗದಲ್ಲಿ ಹೋಗುತ್ತೆ, ಹಿಂದೆ ರಿಯರ್ ವಿಂಗ್ ಕೆಳಭಾಗದ ಒಳಗೆ ಹೋಗುತ್ತೆ. ಮುಂದಿನ ವಿಂಗ್ ಬೋಲ್ಟ್‌ನಲ್ಲಿ ಕೂತಿರೋದ್ರಿಂದ ಬಿಚ್ಚಬಹುದು, ಹಿಂದಿನದ್ದು ವೆಲ್ಡ್ ಆಗಿರುತ್ತೆ, ಕೆಳಗಿನ ಭಾಗ ಕತ್ತರಿಸಲೇಬೇಕು. ದುಡ್ಡು ಉಳಿಸೋಕೆ ಹಿಂದಿನ ಕಾಲದಲ್ಲಿ ಬಾಗಿಲ ಕೆಳಗೆ ಕಾಣೋ ಅಷ್ಟಕ್ಕೆ ಮಾತ್ರ ಒಂದು ಕವರ್ ಶೀಟ್ ಹಾಕಿ ಪೇಂಟ್ ಹೊಡೆದು ಎಂಒಟಿ (ಇಲ್ಲಿನ ವಾರ್ಷಿಕ ಗಾಡಿ ಪರೀಕ್ಷೆ) ಪಾಸ್ ಮಾಡಿಸ್ತಿದ್ರು, ನಿಮ್ಮದೂ ಹಾಗೇ ಆಗಿದೆ ಅನ್ಸುತ್ತೆ. ಪೂರ್ತಿ ಉದ್ದದ ಸಿಲ್ ತಗೊಳ್ಳಿ, ಬೇರೆ ಯಾವುದಕ್ಕೂ ದುಡ್ಡು ಹಾಕಬೇಡಿ.

ಕೆಲಸ ಹೇಗೆ ಅಂದ್ರೆ, ಗಾಡಿನ ಆಕ್ಸಲ್ ಸ್ಟ್ಯಾಂಡ್ ಮೇಲೆ ಲೆವೆಲ್ ಆಗಿ ಕೂರಿಸಿ, ಭಾರ ಸಸ್ಪೆನ್ಷನ್ ಹತ್ರ ಬರ್ಬೇಕು, ಸಿಲ್ ಪಕ್ಕದ ಜ್ಯಾಕಿಂಗ್ ಪಾಯಿಂಟ್ ಮುಟ್ಟಲೇಬೇಡಿ ಅದು ಒಳಗೇ ಹೋಗ್ಬಿಡುತ್ತೆ. ಆಮೇಲೆ ಬಾಗಿಲ ಗ್ಯಾಪ್ ಸರಿ ಆಗೋವರೆಗೂ ನಿಧಾನಕ್ಕೆ ಎತ್ತರ ಹೊಂದಿಸಿ. ಗ್ಯಾಪ್ ಸರಿ ಬಂದ ಮೇಲೆ ಹಿಂಜ್ ಇರೋ ಕಂಬದಿಂದ ಲಾಕ್ ಇರೋ ಕಂಬಕ್ಕೆ ಬಾಕ್ಸ್ ಸ್ಟೀಲ್ ಬ್ರೇಸ್ ಹಾಕಿ, ಬಾಗಿಲು ಮುಚ್ಚಿ ನೋಡೋಕೆ ಜಾಗ ಇರೋ ಹಾಗೆ ಒಳಗಡೆಯಿಂದ. ಎರಡೂ ಕಡೆ ಒಟ್ಟಿಗೆ ಕತ್ತರಿಸಬಾರದು, ಒಂದು ಕಡೆ ಪೂರ್ತಿ ಮುಗಿಸಿ ಇನ್ನೊಂದು ಕಡೆಗೆ ಹೋಗಿ. ಸ್ಪಾಟ್ ವೆಲ್ಡ್ ಡ್ರಿಲ್‌ನಲ್ಲಿ ಹಳೇ ವೆಲ್ಡ್ ತೆಗೀರಿ, ಒಳಗಿಂದ ಹೊರಕ್ಕೆ ಬನ್ನಿ, ಅಂದ್ರೆ ಕ್ಯಾಸಲ್ ರೇಲ್, ಫ್ಲೋರ್ ಅಂಚು, ಒಳ ಸಿಲ್, ನಡುವಿನ ಶೀಟ್, ಕೊನೇಲಿ ಹೊರ ಸಿಲ್. ಹೊರ ಸಿಲ್ ಮೊದ್ಲು ಕ್ಲ್ಯಾಂಪ್ ಮತ್ತು ಸ್ಕ್ರೂನಲ್ಲಿ ಮಾತ್ರ ನಿಲ್ಲಿಸಿ, ವಿಂಗ್ ಇಟ್ಟು ನೋಡಿ, ಬಾಗಿಲು ಹತ್ತು ಸಲ ಮುಚ್ಚಿ ತೆಗೆದು ನೋಡಿ, ಆಮೇಲೆ ವೆಲ್ಡ್.

ವೆಲ್ಡಿಂಗ್ ಕ್ಲಾಸ್ ಖಂಡಿತ ಸೇರಿ. ಶೀಟ್ ಸುಮಾರು 1 ಎಂಎಂ ದಪ್ಪ, ಮಿಗ್ ಅನ್ನೋ ವೈರ್ ವೆಲ್ಡರ್‌ನಲ್ಲಿ 0.6 ಎಂಎಂ ವೈರ್, ಆರ್ಗಾನ್ ಮಿಕ್ಸ್ ಗ್ಯಾಸ್ ಇದ್ರೆ ಆರಾಮಾಗಿ ಬರುತ್ತೆ. ಉದ್ದಕ್ಕೆ ಒಂದೇ ಸಲ ಎಳೀಬೇಡಿ, ಬಿಸಿಗೆ ಶೀಟ್ ಸೊಟ್ಟಗಾಗುತ್ತೆ, ಅಲ್ಲೊಂದು ಇಲ್ಲೊಂದು ಪ್ಲಗ್ ವೆಲ್ಡ್ (ಮೇಲಿನ ಶೀಟ್‌ನ ತೂತಲ್ಲಿ ತುಂಬೋ ವೆಲ್ಡ್) ಹಾಕಿ ಆರೋಕೆ ಬಿಡಿ. ಕಸದ ಶೀಟ್ ಮೇಲೆ ಪ್ಲಗ್ ವೆಲ್ಡ್ ಹಾಕಿ ಉಳಿಯಿಂದ ಕಿತ್ತು ನೋಡಿ, ವೆಲ್ಡ್ ಬಿಡಬಾರದು, ಶೀಟೇ ಹರೀಬೇಕು, ಅಲ್ಲಿವರೆಗೂ ಗಾಡಿ ಮುಟ್ಟಬೇಡಿ. ಶುರು ಮಾಡೋ ಮುಂಚೆ ಪೆಟ್ರೋಲ್ ಟ್ಯಾಂಕ್ ಗಾಡಿಯಿಂದಲೇ ಹೊರಗೆ ಹೋಗ್ಬೇಕು, ಬ್ಯಾಟರಿ ಕೂಡ. ಪಕ್ಕದಲ್ಲಿ ಫೈರ್ ಎಕ್ಸ್‌ಟಿಂಗ್ವಿಷರ್ ಇಡಿ, ಕೆಲಸ ಮುಗಿದ ತಕ್ಷಣ ಬಾಗಿಲು ಹಾಕಿ ಊಟಕ್ಕೆ ಹೋಗ್ಬೇಡಿ, ಹಳೇ ಅಂಡರ್‌ಸೀಲ್ ಒಳಗೊಳಗೇ ಹೊತ್ತಿಕೊಳ್ಳುತ್ತೆ.

ಗ್ರಿಲ್ ಬಗ್ಗೆ ಆಮೇಲೆ ಬರೀತೀನಿ.

---

ವೀಕೆಂಡ್ ಡ್ರೈವ್:

ನನ್ನ ಅಭಿಪ್ರಾಯ ಬೇರೆ, ಬೇಜಾರಾಗ್ಬೇಡಿ. ಎಂಜಿಬಿ ಅಪರೂಪದ ಗಾಡಿ ಅಲ್ಲ, 1980ರವರೆಗೆ 5 ಲಕ್ಷಕ್ಕೂ ಜಾಸ್ತಿ ಮಾಡಿದಾರೆ. ನೀವು ಸಿಲ್, ಫ್ಲೋರ್, ಪೇಂಟ್, ಟ್ರಿಮ್, ಹುಡ್ (ಮಡಚೋ ಬಟ್ಟೆ ಸೂರು), ಕ್ರೋಮ್ ಅಂತ ಹಾಕೋ ದುಡ್ಡಿಗೆ ಬೇರೆಯವರು ಚೆನ್ನಾಗಿ ಮಾಡಿಟ್ಟಿರೋ ಗಾಡಿನೇ ಸಿಗುತ್ತೆ, ಇದೇ ಬೇಸಿಗೆಲಿ ಓಡಿಸಬಹುದು. ಮಕ್ಕಳಿದ್ರೆ ಅವ್ರ ವೀಕೆಂಡ್ ಎಲ್ಲಾ ಗ್ಯಾರೇಜಿಗೆ ಹೋಗುತ್ತೆ. ಇಲ್ಲ ಇದೇ ಗಾಡಿ ಬೇಕು ಅಂದ್ರೆ ಹಳೇ ಬ್ರಿಟಿಷ್ ಗಾಡಿಗಳ ಬಾಡಿ ಪಾರ್ಟ್ಸ್ ಮಾಡೋ ಬ್ರಿಟಿಷ್ ಮೋಟರ್ ಹೆರಿಟೇಜ್‌ನವ್ರ ಹೊಸ ಬಾಡಿಶೆಲ್ ತಗೊಂಡು ಎಲ್ಲಾ ಅದಕ್ಕೆ ವರ್ಗಾಯಿಸಿ, ತುಕ್ಕಿನ ತಲೆನೋವೇ ಇಲ್ಲ.

---

ಹಳೇ ಪಾನಾ ಹುಬ್ಬಳ್ಳಿ:

ನಮಸ್ಕಾರ್ರೀ. ನಾ ಹುಬ್ಬಳ್ಳ್ಯಾಗ ಇರಾಂವ, ಎಂಜಿಬಿ ಬಿಚ್ಚಿಲ್ಲ, ಖರೆ ಇಂಜಿನ್ ವಿಷ್ಯಾಕ ಹೇಳೂದು ಐತಿ. ನಮ್ಮ ಮನ್ಯಾಗ ಎರಡ್ ತಲಿಮಾರು ಅಂಬಾಸಡರ್ ಕೆಲಸ ಮಾಡೇವಿ. ಅಂಬಾಸಡರ್ ಅಂದ್ರ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ ತ್ರೀ, ಅದರ 1489 ಸಿಸಿ ಪೆಟ್ರೋಲ್ ಇಂಜಿನ್ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ (ಬಿಎಂಸಿ) ಬಿ ಸೀರೀಸ್, ನಿಮ್ಮ ಎಂಜಿಬಿ ಒಳಗಿರೂ 1798 ಸಿಸಿನೂ ಅದ ಮನಿತನದ್ದ. ಸ್ಟ್ರೋಕ್ ಎರಡಕ್ಕೂ 88.9 ಎಂಎಂ, ಬೋರ್ ಅಷ್ಟ ದೊಡ್ಡದು. ನಿಮ್ಮದು 1970ರ ಗಾಡಿ ಅಂದಮ್ಯಾಲೆ ಕ್ರ್ಯಾಂಕಿಗೆ ಐದು ಮೇನ್ ಬೇರಿಂಗ್ ಇರ್ತಾವ, ನಮ್ಮ ಅಂಬಾಸಡರಿಗೆ ಮೂರು. ಹಿಂಗಾಗಿ ನಿಮ್ದು ಇನ್ನೂ ಗಟ್ಟಿ ಇಂಜಿನ್ ಐತ್ರಿ, ಅದರ ಚಿಂತಿ ಬಿಡ್ರಿ.

ಆದ್ರ ಇಷ್ಟ್ ವರ್ಷ ನಿಂತ ಇಂಜಿನ್ನ ಸೀದಾ ಸ್ಟಾರ್ಟರ್ ಹೊಡೀಬ್ಯಾಡ್ರಿ. ರಿಂಗ್ ಸಿಲಿಂಡರಿಗೆ ಅಂಟಿರ್ತಾವ, ಒತ್ತಾಯ ಮಾಡಿದ್ರ ಮುರೀತಾವ. ನಾಕೂ ಪ್ಲಗ್ ಬಿಚ್ರಿ, ಒಳಗ ಒಂದೀಟ್ ತೆಳು ಎಣ್ಣಿ ಬಿಡ್ರಿ, ನಾಕೈದು ದಿನ ಸುಮ್ನ ಬಿಡ್ರಿ. ಆಮ್ಯಾಲೆ ಕ್ರ್ಯಾಂಕ್ ಪುಲ್ಲಿ ನಟ್ಟಿಗೆ ದೊಡ್ಡ ಪಾನಾ ಹಾಕಿ ಕೈಲೆ ತಿರುಗಿಸ್ರಿ, ಒಂದ್ ಕಡೆ ಸಿಕ್ಕೊಂಡ್ರ ಹಿಂದ ಮುಂದ ಅಲ್ಲಾಡಿಸ್ರಿ, ಬಡಿದು ತಿರುಗಿಸೂದು ಬ್ಯಾಡ. ಪೂರಾ ಎರಡ್ ಸುತ್ತ ಸಲೀಸಾಗಿ ತಿರುಗ್ತಂದ್ರ ಹೊಸಾ 20ಡಬ್ಲ್ಯು50 ಎಣ್ಣಿ, ಹೊಸಾ ಫಿಲ್ಟರ್ ಹಾಕಿ, ಪ್ಲಗ್ ಹೊರಗಿದ್ದಾಗ ಸ್ಟಾರ್ಟರ್‌ಲೆ ತಿರುಗಿಸ್ರಿ, ಆಯಿಲ್ ಪ್ರೆಷರ್ ಗೇಜ್ ಮ್ಯಾಲೆ ಬಂತಂದ್ರನ ಪ್ಲಗ್ ಹಾಕ್ರಿ.

ಟ್ಯಾಪೆಟ್ ಅಂದ್ರ ವಾಲ್ವ್ ಗ್ಯಾಪ್ 15 ಥೌ (ಇಂಚಿನ ಸಾವಿರದಾಗ 15 ಪಾಲು) ಇಡಬೇಕು, ತಣ್ಣಗಿದ್ದಾಗ. ಲೆಕ್ಕ ಸಸಾರ ಐತಿ, ಮುಂದಿಂದ ಒಂದರಿಂದ ಎಂಟರ ತನಕ ನಂಬರ್ ಹಾಕ್ರಿ, ಎಂಟನೇ ವಾಲ್ವ್ ಪೂರಾ ಒತ್ತಿದಾಗ ಒಂದನೇದ್ದು ಅಡ್ಜಸ್ಟ್ ಮಾಡ್ರಿ, ಆರನೇದ್ದು ಒತ್ತಿದಾಗ ಮೂರನೇದ್ದು, ಯಾವಾಗ ನೋಡಿದ್ರೂ ಎರಡೂ ಕೂಡಿ ಒಂಬತ್ತ ಬರಬೇಕು. ನಮ್ಮ ಅಜ್ಜ ಇದನ್ನ ಬೆರಳ ಮ್ಯಾಲೆ ಎಣಿಸಿ ಕಲಿಸಿದ್ರು, ಅಂಬಾಸಡರಿಗೆ ನಡದದ್ದು ನಿಮಗೂ ನಡೀತದ.

ಇನ್ನೊಂದು, ಪಾನಾ ಇಂಚಿನ್ವು ತಗೋರಿ, ಎಎಫ್ ಅಂತಾರಲ್ಲ ಅವು. ಅರ್ಧ ಇಂಚಿನ ನಟ್ಟಿಗೆ 13 ಎಂಎಂ ಪಾನಾ ಕೂಡ್ತದ, ಕೂಡ್ತದಂತನ ಜನ ಹಾಕ್ತಾರ, ಬಿಗಿ ಇದ್ದಾಗ ನಟ್ಟಿನ ಮೂಲಿ ಎಲ್ಲಾ ಉರುಟ ಆಗ್ತಾವ.

---

ಸ್ವಿಂಡನ್ ಕನ್ನಡಿಗ:

ಅಬ್ಬಾ, ಇಷ್ಟು ಡೀಟೇಲ್ ನಿರೀಕ್ಷೆನೇ ಮಾಡಿರ್ಲಿಲ್ಲ. ಹುಬ್ಬಳ್ಳಿ ಸರ್, ಅಂಬಾಸಡರ್ ಇಂಜಿನ್ ಇದೇ ಕುಟುಂಬ ಅಂತ ಗೊತ್ತೇ ಇರ್ಲಿಲ್ಲ, ಹಾಸನದಲ್ಲಿ ನಮ್ಮ ದೊಡ್ಡಪ್ಪನ ಅಂಬಾಸಡರ್‌ನಲ್ಲಿ ಕೂತು ಬೆಳೆದವನು ನಾನು, ತುಂಬಾ ಖುಷಿ ಆಯ್ತು.

ವೀಕೆಂಡ್ ಡ್ರೈವ್ ಅವ್ರೆ, ಲೆಕ್ಕಾಚಾರ ನೀವು ಹೇಳಿದ್ದೇ ಸರಿ. ಆದ್ರೆ ಓಡಿಸೋಕೆ ಮಾತ್ರ ಅಲ್ಲ, ಮಾಡೋಕೂ ಆಸೆ. ಮಗಳಿಗೆ ಈಗ್ಲೇ ಎಲ್ಲಾ ಸ್ಪ್ಯಾನರ್ ಹೆಸರು ಬರುತ್ತೆ.

ಇಂದು ಕೈಯಲ್ಲೇ ಇಂಜಿನ್ ತಿರುಗುತ್ತಾ ಅಂತ ಎಣ್ಣೆ ಬಿಟ್ಟಿದೀನಿ. ಪೇಪರ್ ಕೆಲಸ ಏನೇನಿದೆ? ಮತ್ತೆ ವೈರಿಂಗ್ ನೋಡಿದ್ರೆ ಭಯ ಆಗುತ್ತೆ, ಯಾರೋ ರೇಡಿಯೋಗೆ, ಫಾಗ್ ಲೈಟ್‌ಗೆ ಅಂತ ಏನೇನೋ ಎಳೆದಿದಾರೆ. ಹೊಸ ಹಾರ್ನೆಸ್ ತಗೊಳ್ಲಾ?

---

ಕರೆಂಟ್ ಕೆಲಸ:

ವೈರಿಂಗ್ ನಾನು ಹೇಳ್ತೀನಿ. ಈ ಗಾಡಿಗಳ ಎಲೆಕ್ಟ್ರಿಕಲ್ಸ್ ಮಾಡಿದ ಲೂಕಾಸ್ ಕಂಪನಿ ಅಂದ್ರೆ ಎಲ್ರೂ ಬೈಯೋದೇ ಅಭ್ಯಾಸ ಆಗ್ಬಿಟ್ಟಿದೆ, ನನಗೆ ಅದು ಒಪ್ಪಿಗೆ ಇಲ್ಲ. ಅಷ್ಟು ಅಚ್ಚುಕಟ್ಟಾದ ಕಲರ್ ಕೋಡ್ ಇವತ್ತಿನ ಗಾಡಿಗಳಲ್ಲೂ ಸಿಗಲ್ಲ. ಕಂದು ಅಂದ್ರೆ ಬ್ಯಾಟರಿಯಿಂದ ಸದಾ ಲೈವ್, ಫ್ಯೂಸ್ ಇಲ್ಲ, ಅದನ್ನ ಹುಷಾರಾಗಿ ಮುಟ್ಟಿ. ನೇರಳೆ ಸದಾ ಲೈವ್ ಆದ್ರೆ ಫ್ಯೂಸ್ ಇದೆ. ಬಿಳಿ ಇಗ್ನಿಷನ್ ಆನ್ ಆದಾಗ, ಹಸಿರು ಇಗ್ನಿಷನ್ ಆದ ಮೇಲೆ ಫ್ಯೂಸ್ ದಾಟಿ ಬಂದಿದ್ದು, ಕೆಂಪು ಸೈಡ್ ಲೈಟ್, ನೀಲಿ ಹೆಡ್‌ಲೈಟ್, ಕಪ್ಪು ಅರ್ಥ್. ಇಷ್ಟು ಬಾಯಿಪಾಠ ಆದ್ರೆ ಅರ್ಧ ಗಾಡಿ ಅರ್ಥ ಆಯ್ತು. ಈ ಬಣ್ಣಗಳಿಗೆ ಹೊಂದದ ವೈರ್ ಯಾವುದು ಕಂಡ್ರೂ ಅದು ಆಮೇಲೆ ಯಾರೋ ಎಳೆದಿದ್ದು, ಒಂದೊಂದಾಗಿ ಫೋಟೋ ತೆಗೆದು, ಎಲ್ಲಿಂದ ಎಲ್ಲಿಗೆ ಅಂತ ನೋಡಿ ತೆಗೀರಿ. ಅದೆಲ್ಲಾ ಹೋದ ಮೇಲೆ ಒರಿಜಿನಲ್ ಹಾರ್ನೆಸ್ ಇನ್ಸುಲೇಷನ್ ಬಿರುಕು ಬಿಟ್ಟಿಲ್ಲ ಅಂದ್ರೆ ಹೊಸದು ಬೇಡ, ಬುಲೆಟ್ ಕನೆಕ್ಟರ್ ಎಲ್ಲಾ ಕ್ಲೀನ್ ಮಾಡಿ, ಅವುಗಳ ಮೇಲಿನ ಕಪ್ಪು ಸ್ಲೀವ್ ಮಾತ್ರ ಹೊಸದು ಹಾಕಿ, ತುಕ್ಕು ಹಿಡಿಯೋದು ಅಲ್ಲೇ.

ಒಂದು ಜಾಗ ಮಾತ್ರ ಇವತ್ತೇ ನೋಡಿ, ಇಂಜಿನ್ ಗೇರ್‌ಬಾಕ್ಸ್‌ನಿಂದ ಬಾಡಿಗೆ ಹೋಗೋ ಅರ್ಥ್ ಪಟ್ಟಿ. ಇಂಜಿನ್ ಕೂತಿರೋದು ರಬ್ಬರ್ ಮೌಂಟ್ ಮೇಲೆ, ಆ ಪಟ್ಟಿ ಇಲ್ದೇ ಇದ್ರೆ ಸ್ಟಾರ್ಟರ್‌ನ ಅಷ್ಟೂ ಕರೆಂಟ್ ಚೋಕ್ ಕೇಬಲ್ ಅಥವಾ ಆಕ್ಸಿಲರೇಟರ್ ಕೇಬಲ್ ಮೂಲಕ ದಾರಿ ಹುಡುಕುತ್ತೆ. ಸ್ಟಾರ್ಟ್ ಮಾಡೋವಾಗ ಚೋಕ್ ಕೇಬಲ್ ಬಿಸಿ ಆದ್ರೆ ಕಾರಣ ಅದೇ. 1970ರದ್ದು ನೆಗೆಟಿವ್ ಅರ್ಥ್ ಗಾಡಿ, ಸೀಟ್ ಹಿಂದೆ ಎರಡು 6 ವೋಲ್ಟ್ ಬ್ಯಾಟರಿ ಸೀರೀಸ್‌ನಲ್ಲಿರುತ್ತೆ, ಬೇಕಂದ್ರೆ ಒಂದು 12 ವೋಲ್ಟ್ ಹಾಕ್ಕೋಬಹುದು, ಆದ್ರೆ ಬ್ಯಾಟರಿ ಕೂರೋ ತೊಟ್ಟಿಲ ತಳ ತುಕ್ಕು ಹಿಡಿದಿದ್ಯಾ ನೋಡಿ, ವೆಲ್ಡಿಂಗ್ ಲಿಸ್ಟಿಗೆ ಸೇರಿಸಿ. ಹೆಡ್‌ಲೈಟ್‌ಗೆ ರಿಲೇ ಹಾಕಿ, ಸ್ವಿಚ್ ಉಳಿಯುತ್ತೆ ಬೆಳಕೂ ಜಾಸ್ತಿ ಬರುತ್ತೆ.

ಪೇಪರ್: ಮೊದ್ಲು ವಿ5ಸಿ (ಗಾಡಿ ನೋಂದಣಿ ಪತ್ರ) ನಿಮ್ಮ ಹೆಸರಿಗೆ, ತಕ್ಷಣ ಸಾರ್ನ್ (ಗಾಡಿ ರಸ್ತೆಗೆ ಇಳಿಸ್ತಿಲ್ಲ ಅನ್ನೋ ಘೋಷಣೆ) ಮಾಡಿ, ಇಲ್ಲಾಂದ್ರೆ ಗ್ಯಾರೇಜಲ್ಲಿ ನಿಂತಿರೋ ಗಾಡಿಗೂ ಫೈನ್ ಬರುತ್ತೆ. 40 ವರ್ಷ ದಾಟಿದ ಗಾಡಿ ಆದ್ರಿಂದ ಹಿಸ್ಟಾರಿಕ್ ಕ್ಲಾಸಿಗೆ ಹಾಕಿಸಿದ್ರೆ ರೋಡ್ ಟ್ಯಾಕ್ಸ್ ಇಲ್ಲ, ದೊಡ್ಡ ಬದಲಾವಣೆ ಏನೂ ಮಾಡಿಲ್ಲ ಅಂದ್ರೆ ಎಂಒಟಿ ಕೂಡ ಕಡ್ಡಾಯ ಅಲ್ಲ, 2018ರಿಂದ ಹಾಗೆ. ಆದ್ರೆ ಕೈಯಾರೆ ಸಿಲ್ ವೆಲ್ಡ್ ಮಾಡಿದ ಗಾಡಿನ ದಯವಿಟ್ಟು ಎಂಒಟಿಗೆ ಒಯ್ಯಿರಿ, ಬೇರೆಯವರ ಕಣ್ಣು ಒಂದ್ಸಲ ಅಡಿಯಲ್ಲಿ ಹೋಗ್ಲಿ. ಗೇಡನ್‌ನ ಬ್ರಿಟಿಷ್ ಮೋಟರ್ ಮ್ಯೂಸಿಯಂನವ್ರು ಫ್ಯಾಕ್ಟ್ರಿ ದಾಖಲೆ ನೋಡಿ ಹೆರಿಟೇಜ್ ಸರ್ಟಿಫಿಕೇಟ್ ಕೊಡ್ತಾರೆ, ನಿಮ್ಮ ಗಾಡಿ ಮೊದ್ಲು ಯಾವ ಬಣ್ಣದಲ್ಲಿತ್ತು, ಯಾವಾಗ ಕಟ್ಟಿದ್ದು ಅಂತ ಅದ್ರಿಂದ ತಿಳಿಯುತ್ತೆ. ಪೇಂಟ್ ಆರ್ಡರ್ ಮಾಡೋಕೆ ಮುಂಚೆ ಅದನ್ನ ತರಿಸ್ಕೊಳ್ಳಿ.

---

ಕವೆಂಟ್ರಿ ಗ್ಯಾರೇಜ್:

ಗ್ರಿಲ್ ಬಗ್ಗೆ: ಆ ಒಳಗೆ ಕೂತಿರೋ ಕಪ್ಪು ಗ್ರಿಲ್ ಕೆಲವೇ ವರ್ಷ ಬಂದಿದ್ದು, ಎಷ್ಟೋ ಜನ ಇಷ್ಟ ಇಲ್ಲ ಅಂತ ಕಿತ್ತು ಹಳೇದು ಹಾಕ್ಕೊಂಡಿದಾರೆ, ಅದಕ್ಕೇ ನಿಮ್ಮದು ಉಳಿದಿರೋದು ನನಗೆ ಖುಷಿ. ಇಟ್ಕೊಳ್ಳಿ ಅಂತೀನಿ. ಬದಲಾಯಿಸ್ಲೇಬೇಕು ಅನ್ಸಿದ್ರೂ ಹಳೇದನ್ನ ಎಸೀಬೇಡಿ.

ಹೊಸ ಶೆಲ್ ಬಗ್ಗೆ ಒಬ್ರು ಹೇಳಿದ್ರು. ಹೆರಿಟೇಜ್‌ನವ್ರು 1988ರಲ್ಲಿ ಹಳೇ ಪ್ರೆಸ್ ಟೂಲ್ ಹುಡುಕಿ ಎಂಜಿಬಿ ಶೆಲ್ ಮತ್ತೆ ಮಾಡೋಕೆ ಶುರು ಮಾಡಿದ್ರು, ಅದು ನಿಜಕ್ಕೂ ದೊಡ್ಡ ಕೆಲಸ, ಅದ್ರಿಂದ ಎಷ್ಟೋ ಗಾಡಿ ಉಳಿದಿವೆ. ಆದ್ರೆ ಬೆಲೆ 10 ಸಾವಿರ ಪೌಂಡ್ ಮೇಲೆ, ಅದೂ ಬರೀ ಶೆಲ್. ನಿಮ್ಮ ಗಾಡಿ ಆ ಸ್ಥಿತಿಗೆ ಹೋಗಿದ್ಯಾ ಅಂತ ಗೊತ್ತಾಗೋಕೆ ಎರಡು ಜಾಗ ನೋಡಿ. ಒಂದು, ಬಾನೆಟ್ ತೆಗೆದು ಇನ್ನರ್ ವಿಂಗ್ ಹಿಂಭಾಗ, ಬಲ್ಕ್‌ಹೆಡ್ (ಇಂಜಿನ್‌ಗೂ ಕೂರೋ ಜಾಗಕ್ಕೂ ನಡುವಿನ ಗೋಡೆ) ಸೇರೋ ಮೂಲೆ. ಇನ್ನೊಂದು, ಹಿಂದಿನ ಲೀಫ್ ಸ್ಪ್ರಿಂಗ್‌ನ ಮುಂದಿನ ತುದಿ ಬಾಡಿಗೆ ಸೇರೋ ಜಾಗ. ಅಲ್ಲಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ್ರೆ ಗಟ್ಟಿ ಸದ್ದು ಬಂದ್ರೆ ಸಿಲ್, ಫ್ಲೋರ್, ಕ್ಯಾಸಲ್ ರೇಲ್ ಎಲ್ಲಾ ಹೋಗಿದ್ರೂ ಮನೇಲಿ ಮಾಡೋ ಕೆಲಸನೇ. ಪೇಂಟ್ ಮಾತ್ರ ಹೊರಗೆ ಕೊಡಿ, ಟೂ ಪ್ಯಾಕ್ ಪೇಂಟ್‌ನಲ್ಲಿ ಐಸೊಸಯನೇಟ್ ಇರುತ್ತೆ, ಹೊರಗಿಂದ ಗಾಳಿ ಕೊಡೋ ಮಾಸ್ಕ್ ಇಲ್ದೇ ಮನೆ ಗ್ಯಾರೇಜಲ್ಲಿ ಹೊಡೆಯೋದು ಶ್ವಾಸಕೋಶಕ್ಕೆ ಅಪಾಯ.

ಪೆಟ್ರೋಲ್ ಟ್ಯಾಂಕ್ ಇಳಿಸಿದಾಗ ಅದರ ಮೇಲ್ಭಾಗ ನೋಡಿ, ಕೆಳಗಡೆ ಅಲ್ಲ. ಬೂಟ್ ಫ್ಲೋರಿಗೂ ಟ್ಯಾಂಕಿಗೂ ನಡುವೆ ಕೆಸರು ಕೂತು ಮೇಲಿಂದಲೇ ತೂತಾಗುತ್ತೆ. ರಬ್ಬರ್ ಪೈಪ್ ಎಲ್ಲಾ ಎಥನಾಲ್ ತಡೆಯೋ ಥರದ್ದು ಹಾಕಿ, 2021ರಿಂದ ಇಲ್ಲಿ ಸಾಮಾನ್ಯ ಪೆಟ್ರೋಲ್ ಇ10 (ಶೇಕಡ 10ರವರೆಗೆ ಎಥನಾಲ್), ಇವಕ್ಕೆ ಸೂಪರ್ ಅಂತ ಸಿಗೋ ಇ5ನೇ ಒಳ್ಳೇದು.

---

ಸ್ವಿಂಡನ್ ಕನ್ನಡಿಗ:

ಅಪ್‌ಡೇಟ್: ಇಂಜಿನ್ ಕೈಯಲ್ಲಿ ತಿರುಗ್ತು!! ಸ್ವಲ್ಪ ಹಿಂದೆ ಮುಂದೆ ಮಾಡ್ಬೇಕಾಯ್ತು, ಆಮೇಲೆ ಸಲೀಸು. ಹುಬ್ಬಳ್ಳಿ ಸರ್‌ಗೆ ದೊಡ್ಡ ಥ್ಯಾಂಕ್ಸ್. ಇನ್ನರ್ ವಿಂಗ್ ಮೂಲೆ ಮತ್ತು ಸ್ಪ್ರಿಂಗ್ ಹ್ಯಾಂಗರ್ ಎರಡೂ ಗಟ್ಟಿ ಇದೆ, ಎಡಗಡೆ ಬ್ಯಾಟರಿ ತೊಟ್ಟಿಲ ತಳ ಹೋಗಿದೆ. ಅರ್ಥ್ ಪಟ್ಟಿ ಇರ್ಲೇ ಇಲ್ಲ, ಆರ್ಡರ್ ಮಾಡಿದೆ. ವೆಲ್ಡಿಂಗ್ ಕ್ಲಾಸಿಗೂ ಹೆಸರು ಕೊಟ್ಟೆ. ಗ್ರಿಲ್ ಇದ್ದ ಹಾಗೇ ಇರುತ್ತೆ.

ಒಂದು ಡೌಟ್: ಬ್ರೇಸ್‌ನ ಕಂಬಕ್ಕೆ ವೆಲ್ಡ್ ಮಾಡಿದ್ರೆ ಆಮೇಲೆ ಗ್ರೈಂಡ್ ಮಾಡೋವಾಗ ಕಂಬ ಹಾಳಾಗಲ್ವಾ?

---

ಕವೆಂಟ್ರಿ ಗ್ಯಾರೇಜ್:

ಕಂಬಕ್ಕೆ ನೇರ ಮಾಡ್ಬೇಡಿ. ಲಾಕ್ ಕಡೆ ಸ್ಟ್ರೈಕರ್ ಬೋಲ್ಟ್ ಇರೋ ಜಾಗದಲ್ಲಿ, ಹಿಂಜ್ ಕಡೆ ಕಂಬದ ಒಳಮೈಲಿ 3 ಎಂಎಂ ಪ್ಲೇಟ್ ಬೋಲ್ಟ್ ಮಾಡಿ, ಬ್ರೇಸ್‌ನ ಆ ಪ್ಲೇಟ್‌ಗೆ ವೆಲ್ಡ್ ಮಾಡಿ. ಗ್ಯಾಪ್ ನೋಡೋ ಹೊತ್ತಿಗೆ ಬಾಗಿಲು ಬೇಕು, ಹಾಗಾಗಿ ಹಿಂಜ್ ಕಡೆ ಪ್ಲೇಟ್‌ನ ಹಿಂಜ್ ಅಡಿಯಲ್ಲಿ ಸಿಕ್ಕಿಸಬೇಡಿ, ಬಾಗಿಲ ಸ್ಥಾನ ಅಷ್ಟು ಹೊರಗೆ ಹೋಗುತ್ತೆ, ಡ್ಯಾಶ್ ಕೆಳಗೆ ಕಂಬದ ಒಳಮೈ ಗಟ್ಟಿ ಇರೋ ಕಡೆ ಎರಡು ಹೊಸ ತೂತು ಹೊಡೆದು ಕೂರಿಸಿ, ಕೊನೇಲಿ ತೂತು ಮುಚ್ಚಿದ್ರಾಯ್ತು, ಟ್ರಿಮ್ ಹಿಂದೆ ಕಾಣಲ್ಲ. ನಾಳೆ ನನ್ನ ಬ್ರೇಸ್ ಫೋಟೋ ಹಾಕ್ತೀನಿ. ಯಾವ ಕಡೆಯಿಂದ ಶುರು ಮಾಡ್ತೀರಿ? ಡ್ರೈವರ್ ಕಡೆ ಗ್ಯಾಪ್ ಕೆಟ್ಟಿದೆ ಅಂದ್ರಲ್ಲ, ಮೊದ್ಲು ಪ್ಯಾಸೆಂಜರ್ ಕಡೆ ಮಾಡಿ ಗಟ್ಟಿ ಮಾಡ್ಕೊಳ್ಳಿ, ಆಮೇಲೆ ಆ ಕಡೆ ಕತ್ತರಿಸಿ.